ಅಯಾನು ವಾಹಿನಿಗಳು ಮತ್ತು ನರರೋಗಗಳು: ಸಾರ್ವಜನಿಕರ ತಿಳಿವಳಿಕೆಗಾಗಿ

1. ಪೀಠಿಕೆ

ಅಪಸ್ಮಾರ, ಆಗಾಗ ಬಂದುಹೋಗುವ ಲಕ್ವ, ಅರೆತಲೆನೋವು, ಸ್ನಾಯುಗಳ ನಿಶ್ಶಕ್ತಿ ಮುಂತಾದ ಕಾಯಿಲೆಗಳು ಹೊರನೋಟಕ್ಕೆ ಒಂದಕ್ಕೊಂದು ಸಂಬಂಧವಿಲ್ಲದವುಗಳಂತೆ ಕಂಡುಬರುತ್ತವೆ. ಆದರೆ ಇವುಗಳ ಹಲವು ಬಗೆಗಳ ಮೂಲವು ನರಕೋಶ ಹಾಗೂ ಸ್ನಾಯುಕೋಶಗಳ ಪೊರೆಯಲ್ಲಿರುವ ಅತಿ ಸೂಕ್ಷ್ಮ ದ್ವಾರಗಳಲ್ಲಿದೆ ಎಂಬುದು ಕಳೆದ ಮೂರು ನಾಲ್ಕು ದಶಕಗಳ ಸಂಶೋಧನೆಯಿಂದ ತಿಳಿದುಬಂದಿದೆ. ಈ ದ್ವಾರಗಳನ್ನು ಅಯಾನು ವಾಹಿನಿಗಳೆಂದು ಕರೆಯಲಾಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 5 ಕೋಟಿ ಜನರು ಅಪಸ್ಮಾರದಿಂದ ಬಳಲುತ್ತಿದ್ದು, ಸರಿಯಾದ ಚಿಕಿತ್ಸೆ ದೊರೆತಲ್ಲಿ ಇವರಲ್ಲಿ ಶೇಕಡ 70ರಷ್ಟು ಜನರು ಸೆಳವಿಲ್ಲದೆ ಬಾಳಬಹುದಾಗಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ತಜ್ಞರು 1993ರಿಂದ 1995ರ ಅವಧಿಯಲ್ಲಿ ಬೆಂಗಳೂರು ನಗರ ಮತ್ತು ಗ್ರಾಮಾಂತರ ಪ್ರದೇಶದ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಸಮೀಕ್ಷೆಗೊಳಪಡಿಸಿದಾಗ, ಪ್ರತಿ 1,000 ಜನರಲ್ಲಿ ಸುಮಾರು 9 ಮಂದಿಯಲ್ಲಿ ಅಪಸ್ಮಾರವು ಕಂಡುಬಂದಿತು. ನಗರದಲ್ಲಿ ಈ ಸಂಖ್ಯೆ ಸುಮಾರು 6 ಆಗಿದ್ದರೆ, ಗ್ರಾಮೀಣ ಭಾಗದಲ್ಲಿ ಸುಮಾರು 12 ಆಗಿದ್ದಿತು. ಅಂದರೆ ತಜ್ಞ ವೈದ್ಯರು ವಿರಳವಾಗಿರುವ ಕಡೆಯಲ್ಲಿಯೇ ಈ ಕಾಯಿಲೆಯು ಹೆಚ್ಚಾಗಿತ್ತು.

ಈ ಲೇಖನದಲ್ಲಿ ಅಯಾನು ವಾಹಿನಿಗಳ ಕಾರ್ಯ, ಅವುಗಳ ದೋಷದಿಂದ ಉಂಟಾಗುವ ಕಾಯಿಲೆಗಳು ಹಾಗೂ ಸಾರ್ವಜನಿಕರು ವಹಿಸಬೇಕಾದ ಎಚ್ಚರಿಕೆಗಳನ್ನು ವಿವರಿಸಲಾಗಿದೆ. ಇದರಲ್ಲಿ ಮುಖ್ಯವಾಗಿ ಗಮನಿಸಬೇಕಾದ ಅಂಶವು ಒಂದೇ ಆಗಿರುತ್ತದೆ: ಹೊರಗೆ ಒಂದೇ ತೆರನಾಗಿ ಕಾಣುವ ಎರಡು ಕಾಯಿಲೆಗಳಲ್ಲಿ ಒಳಗಿನ ದೋಷವು ಬೇರೆ ಬೇರೆಯಾಗಿರಬಹುದು, ಆದುದರಿಂದ ಒಬ್ಬರಿಗೆ ಗುಣ ನೀಡಿದ ಮಾತ್ರೆಯು ಮತ್ತೊಬ್ಬರಿಗೆ ಹಾನಿಯನ್ನುಂಟುಮಾಡಬಹುದು.

2. ಅಯಾನು ವಾಹಿನಿ ಎಂದರೇನು?

ನಾವು ಸೇವಿಸುವ ಉಪ್ಪು, ತರಕಾರಿ, ಹಣ್ಣು, ಹಾಲು ಇತ್ಯಾದಿಗಳಿಂದ ದೇಹಕ್ಕೆ ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಮತ್ತು ಕ್ಲೋರೈಡ್ ದೊರೆಯುತ್ತವೆ. ದೇಹದ ದ್ರವಗಳಲ್ಲಿ ಇವು ವಿದ್ಯುದಂಶವನ್ನು ಹೊತ್ತ ಕಣಗಳಾಗಿರುತ್ತವೆ. ಇಂತಹ ಕಣಗಳಿಗೆ ಅಯಾನುಗಳೆಂದು ಹೆಸರು. ಪ್ರತಿಯೊಂದು ಕೋಶದ ಸುತ್ತಲೂ ಇರುವ ಪೊರೆಯು ಕೊಬ್ಬಿನಂಶದಿಂದ ಕೂಡಿರುವುದರಿಂದ ಅಯಾನುಗಳು ಅದನ್ನು ತಾವಾಗಿಯೇ ದಾಟಲಾರವು. ಅವುಗಳ ಸಂಚಾರಕ್ಕಾಗಿ ಪೊರೆಯಲ್ಲಿ ಪ್ರೋಟೀನಿನಿಂದಾದ ದ್ವಾರಗಳಿವೆ. ಇವೇ ಅಯಾನು ವಾಹಿನಿಗಳು. ಸೋಡಿಯಂ ವಾಹಿನಿಯು ಮುಖ್ಯವಾಗಿ ಸೋಡಿಯಂ ಅನ್ನು, ಪೊಟ್ಯಾಸಿಯಂ ವಾಹಿನಿಯು ಪೊಟ್ಯಾಸಿಯಂ ಅನ್ನು ಬಿಡುವಂತೆ ಇವು ರಚಿತವಾಗಿವೆ. ತೆರೆದಿರುವ ಒಂದೇ ವಾಹಿನಿಯ ಮೂಲಕ ಒಂದು ಸೆಕೆಂಡಿನಲ್ಲಿ ಲಕ್ಷಾಂತರ ಅಯಾನುಗಳು ಹಾದುಹೋಗಬಲ್ಲವು.

ಇದನ್ನು ನಮ್ಮ ಗ್ರಾಮಗಳ ಕೆರೆಯ ವ್ಯವಸ್ಥೆಗೆ ಹೋಲಿಸಬಹುದಾಗಿದೆ. ಕೆರೆಯಲ್ಲಿ ನೀರು ನಿಂತಿರುತ್ತದೆ. ಏರಿಯಲ್ಲಿ ತೂಬು ಇರುತ್ತದೆ. ನೀರಗಂಟಿಯು ತೂಬನ್ನು ಎತ್ತಿದಾಗ ನೀರು ತಾನಾಗಿಯೇ ಗದ್ದೆಗೆ ಹರಿಯುತ್ತದೆ. ನರಕೋಶದ ಹೊರಗೆ ಸೋಡಿಯಂ ಹೆಚ್ಚಾಗಿಯೂ ಒಳಗೆ ಪೊಟ್ಯಾಸಿಯಂ ಹೆಚ್ಚಾಗಿಯೂ ಇರುವುದು ಕೆರೆಯಲ್ಲಿ ನೀರು ತುಂಬಿರುವಂತೆ. ಪೊರೆಯು ಏರಿ, ಅಯಾನು ವಾಹಿನಿಯು ತೂಬು. ನೀರಗಂಟಿಯ ಕೆಲಸವನ್ನು ಕೆಲವು ವಾಹಿನಿಗಳಲ್ಲಿ ವಿದ್ಯುತ್ತಿನ ಬದಲಾವಣೆಯೂ, ಇನ್ನು ಕೆಲವುಗಳಲ್ಲಿ ಅಸಿಟೈಲ್‌ಕೋಲಿನ್‌ನಂತಹ ರಾಸಾಯನಿಕವೂ ನಿರ್ವಹಿಸುತ್ತವೆ.

ಕೆರೆ ತುಂಬಿಸುವುದಕ್ಕೆ ಮಾತ್ರ ಶ್ರಮ ಬೇಕು. ಪೊರೆಯಲ್ಲಿರುವ ಸೋಡಿಯಂ-ಪೊಟ್ಯಾಸಿಯಂ ಪಂಪು ಹಗಲಿರುಳು ಸೋಡಿಯಂ ಅನ್ನು ಹೊರಕ್ಕೂ ಪೊಟ್ಯಾಸಿಯಂ ಅನ್ನು ಒಳಕ್ಕೂ ಸಾಗಿಸುತ್ತಿರುತ್ತದೆ. ದೇಹದ ತೂಕದಲ್ಲಿ ಕೇವಲ ಶೇಕಡ 2ರಷ್ಟಿರುವ ಮಿದುಳು, ವಿಶ್ರಾಂತಿಯಲ್ಲಿ ದೇಹವು ಬಳಸುವ ಶಕ್ತಿಯಲ್ಲಿ ಶೇಕಡ 20ರಷ್ಟನ್ನು ವ್ಯಯಿಸುವುದಕ್ಕೆ ಈ ಪಂಪುಗಳ ಖರ್ಚು ಒಂದು ಪ್ರಮುಖ ಕಾರಣವಾಗಿದೆ.

3. ನರಸಂದೇಶವು ಸಾಗುವ ಬಗೆ

ವಿಶ್ರಾಂತ ಸ್ಥಿತಿಯಲ್ಲಿ ನರಕೋಶದ ಒಳಭಾಗವು ಹೊರಭಾಗಕ್ಕಿಂತ ಸುಮಾರು 70 ಮಿಲಿವೋಲ್ಟಿನಷ್ಟು ಋಣ ವಿದ್ಯುದಂಶವನ್ನು ಹೊಂದಿರುತ್ತದೆ. ಇದು ಟಾರ್ಚಿನ ಒಂದು ಸೆಲ್ಲಿನ ವಿದ್ಯುತ್ತಿನ ಇಪ್ಪತ್ತನೆಯ ಒಂದು ಭಾಗದಷ್ಟು. ಸಂದೇಶವೊಂದು ಹೊರಡಬೇಕಾದಾಗ ಈ ಕೆಳಕಂಡ ಕ್ರಮದಲ್ಲಿ ಕಾರ್ಯವು ನಡೆಯುತ್ತದೆ.

(ಅ) ಸೋಡಿಯಂ ವಾಹಿನಿಗಳು ತೆರೆದುಕೊಂಡು ಸೋಡಿಯಂ ಒಳಕ್ಕೆ ನುಗ್ಗುತ್ತದೆ. ಕೋಶದ ಒಳಭಾಗವು ಕ್ಷಣಕಾಲ ಧನಾತ್ಮಕವಾಗುತ್ತದೆ.

(ಆ) ಒಂದು ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಸಮಯದಲ್ಲಿ ಸೋಡಿಯಂ ವಾಹಿನಿಗಳು ತಾವಾಗಿಯೇ ಅಡಗುತ್ತವೆ.

(ಇ) ಪೊಟ್ಯಾಸಿಯಂ ವಾಹಿನಿಗಳು ತೆರೆದು ಪೊಟ್ಯಾಸಿಯಂ ಹೊರಹೋಗುತ್ತದೆ. ಕೋಶವು ಮೊದಲಿನ ಸ್ಥಿತಿಗೆ ಮರಳುತ್ತದೆ.

(ಈ) ಈ ಅಲೆಯು ನರದ ತುದಿಯನ್ನು ತಲುಪಿದಾಗ ಕ್ಯಾಲ್ಸಿಯಂ ವಾಹಿನಿಗಳು ತೆರೆಯುತ್ತವೆ. ಒಳಬಂದ ಕ್ಯಾಲ್ಸಿಯಂ, ಮುಂದಿನ ಕೋಶಕ್ಕೆ ಸುದ್ದಿ ಮುಟ್ಟಿಸುವ ರಾಸಾಯನಿಕವನ್ನು ಬಿಡುಗಡೆ ಮಾಡಿಸುತ್ತದೆ.

ಮಿದುಳಿನಲ್ಲಿ ಸಂದೇಶವನ್ನು ಮುಂದಕ್ಕೆ ದಾಟಿಸುವ ನರಕೋಶಗಳಷ್ಟೇ ಅಲ್ಲದೆ, ಅದನ್ನು ತಡೆದು ನಿಲ್ಲಿಸುವ ನರಕೋಶಗಳೂ ಇರುತ್ತವೆ. ಮೊದಲನೆಯವು ಪ್ರಚೋದಕ ಕೋಶಗಳು. ಎರಡನೆಯವು ನಿರೋಧಕ ಕೋಶಗಳು. ಇವೆರಡರ ಸಮತೋಲನದಿಂದಲೇ ಮಿದುಳಿನ ಕಾರ್ಯವು ಸುಗಮವಾಗಿ ನಡೆಯುತ್ತದೆ. ನಿರೋಧಕ ಕೋಶಗಳೂ ಇದೇ ವಾಹಿನಿಗಳನ್ನು ಅವಲಂಬಿಸಿವೆ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ವಿವರಿಸಲಾಗಿರುವ ಒಂದು ಗಂಭೀರ ಕಾಯಿಲೆಯನ್ನು ಅರಿಯಲು ಇದು ಅಗತ್ಯವಾಗಿರುತ್ತದೆ.

4. ಈ ಜ್ಞಾನವು ದೊರೆತ ಹಿನ್ನೆಲೆ

ಬ್ರಿಟನ್ನಿನ ಅಲನ್ ಹಾಡ್ಜ್‌ಕಿನ್ ಮತ್ತು ಆಂಡ್ರ್ಯೂ ಹಕ್ಸ್‌ಲಿ ಅವರು ಸ್ಕ್ವಿಡ್ ಎಂಬ ಕಡಲಜೀವಿಯ ದಪ್ಪ ನರತಂತುವಿನ ಮೇಲೆ ಪ್ರಯೋಗ ನಡೆಸಿ, ನರಸಂದೇಶಕ್ಕೆ ಸೋಡಿಯಂ ಮತ್ತು ಪೊಟ್ಯಾಸಿಯಂಗಳ ಹರಿವೇ ಕಾರಣವೆಂದು 1952ರಲ್ಲಿ ಲೆಕ್ಕಾಚಾರ ಸಹಿತ ತೋರಿಸಿಕೊಟ್ಟರು. ನಮ್ಮ ಕರಾವಳಿಯಲ್ಲಿ ಬೊಂಡಾಸ್ ಎಂದು ಕರೆಯಲಾಗುವುದು ಇದೇ ಜಾತಿಯ ಜೀವಿ. ಈ ಕಾರ್ಯಕ್ಕಾಗಿ ಅವರಿಗೆ 1963ರಲ್ಲಿ ನೊಬೆಲ್ ಪ್ರಶಸ್ತಿ ಲಭಿಸಿತು. ಜರ್ಮನಿಯ ಎರ್ವಿನ್ ನೇಹರ್ ಮತ್ತು ಬರ್ಟ್ ಸಾಕ್‌ಮನ್ ಅವರು 1976ರಲ್ಲಿ ಒಂದೇ ಒಂದು ವಾಹಿನಿಯ ಮೂಲಕ ಹರಿಯುವ ವಿದ್ಯುತ್ತನ್ನು ಅಳೆಯುವ ವಿಧಾನವನ್ನು ಪ್ರಕಟಿಸಿದರು. ಇವರಿಗೆ 1991ರಲ್ಲಿ ನೊಬೆಲ್ ಸಂದಿತು. ಅಮೆರಿಕದ ರಾಡರಿಕ್ ಮ್ಯಾಕಿನನ್ ಅವರು 1998ರಲ್ಲಿ ಪೊಟ್ಯಾಸಿಯಂ ವಾಹಿನಿಯೊಂದರ ರಚನೆಯನ್ನು ಬಿಡಿಸಿ ತೋರಿಸಿದರು. 2003ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯಲ್ಲಿ ಇವರಿಗೆ ಪಾಲು ದೊರೆಯಿತು.

1990ರ ದಶಕದಿಂದ ಈಚೆಗೆ ವಂಶವಾಹಿಗಳ ಅಧ್ಯಯನವು ಈ ಮೂಲ ವಿಜ್ಞಾನವನ್ನು ರೋಗಿಯ ಹಾಸಿಗೆಯ ಬಳಿಗೆ ತಂದಿತು. ಅಪಸ್ಮಾರಕ್ಕೆ ಕಾರಣವಾದ ವಾಹಿನಿದೋಷವೊಂದನ್ನು ಮೊದಲ ಬಾರಿಗೆ ಗುರುತಿಸಿದ್ದು 1995ರಲ್ಲಿ.

5. ವಾಹಿನಿಯಲ್ಲಿ ದೋಷವು ಉಂಟಾಗುವ ವಿಧಗಳು

ತೂಬು ಸರಿಯಾಗಿ ಮುಚ್ಚದಿದ್ದರೆ ಗದ್ದೆಯು ಕೊಚ್ಚಿಹೋಗುತ್ತದೆ. ತೆರೆಯದಿದ್ದರೆ ಪೈರು ಒಣಗುತ್ತದೆ. ಅದರಂತೆಯೇ ವಾಹಿನಿಯ ದೋಷವೂ ಎರಡು ಬಗೆಯದು: ಅತಿಯಾಗಿ ಕೆಲಸ ಮಾಡುವುದು ಹಾಗೂ ಕೆಲಸ ಮಾಡದೇ ಇರುವುದು. ಈ ದೋಷಗಳು ಮೂರು ಕಾರಣಗಳಿಂದ ಬರಬಹುದು.

(ಅ) ವಂಶವಾಹಿಯ ಬದಲಾವಣೆ: ವಾಹಿನಿಯನ್ನು ನಿರ್ಮಿಸುವ ಸೂಚನೆಯಲ್ಲಿಯೇ ತಪ್ಪಿರುವುದು. ಇದು ತಂದೆ ಅಥವಾ ತಾಯಿಯಿಂದ ಬಂದಿರಬಹುದು. ಇಲ್ಲವೇ ಮಗುವಿನಲ್ಲಿಯೇ ಹೊಸದಾಗಿ ಉಂಟಾಗಿರಬಹುದು.

(ಆ) ದೇಹದ ರೋಗನಿರೋಧಕ ವ್ಯವಸ್ಥೆಯ ತಪ್ಪು ದಾಳಿ: ರೋಗಾಣುಗಳನ್ನು ಎದುರಿಸಬೇಕಾದ ಪ್ರತಿಕಾಯಗಳು ತನ್ನದೇ ವಾಹಿನಿಗಳ ಮೇಲೆ ಎರಗುವುದು.

(ಇ) ವಿಷ: ಕೆಂಪು ಚೇಳಿನ ವಿಷವು ಸೋಡಿಯಂ ವಾಹಿನಿಗಳನ್ನು ಮುಚ್ಚಲು ಬಿಡುವುದಿಲ್ಲ; ಇದರಿಂದ ನರಗಳು ಎಡೆಬಿಡದೆ ಉದ್ರೇಕಗೊಂಡು ಹೃದಯಕ್ಕೆ ಅಪಾಯವಾಗುತ್ತದೆ. ಮಹಾರಾಷ್ಟ್ರದ ಮಹಾಡ್‌ನ ವೈದ್ಯರಾದ ಡಾ. ಹಿಮ್ಮತ್‌ರಾವ್ ಬಾವಸ್ಕರ್ ಅವರು 1980ರ ದಶಕದಲ್ಲಿ ಪ್ರಾಜೋಸಿನ್ ಎಂಬ ಅಗ್ಗದ ಮಾತ್ರೆಯು ಈ ಪರಿಣಾಮವನ್ನು ತಗ್ಗಿಸುವುದೆಂದು ಕಂಡುಕೊಂಡಿದ್ದು, ಇದರಿಂದ ಅನೇಕರ ಜೀವ ಉಳಿದಿದೆ. ನಾಗರಹಾವಿನ ವಿಷವು ಸ್ನಾಯುವಿನ ಮೇಲಿರುವ ಅಸಿಟೈಲ್‌ಕೋಲಿನ್ ವಾಹಿನಿಯನ್ನು ತೆರೆಯಲು ಬಿಡುವುದಿಲ್ಲ. ರೆಪ್ಪೆಗಳು ಜೋತುಬಿದ್ದು ಉಸಿರಾಟದ ಸ್ನಾಯುಗಳು ನಿಲ್ಲುವುದು ಇದರಿಂದಲೇ. ಚೇಳು ಅಥವಾ ಹಾವು ಕಚ್ಚಿದಲ್ಲಿ ಮಂತ್ರ, ನಾಟಿ ಕಲ್ಲುಗಳಲ್ಲಿ ಕಾಲಹರಣ ಮಾಡದೆ ಕೂಡಲೇ ಆಸ್ಪತ್ರೆಗೆ ಸಾಗಿಸತಕ್ಕದ್ದು.

6. ಅಪಸ್ಮಾರ ಮತ್ತು ಅಯಾನು ವಾಹಿನಿಗಳು

ಮಿದುಳಿನ ಬಹುಸಂಖ್ಯೆಯ ನರಕೋಶಗಳು ಒಮ್ಮೆಗೇ, ಅಂಕೆಯಿಲ್ಲದೆ ವಿದ್ಯುತ್ ಸಂದೇಶಗಳನ್ನು ಹೊರಡಿಸುವುದೇ ಸೆಳವು. ಅಪಸ್ಮಾರಕ್ಕೆ ತಲೆಗೆ ಪೆಟ್ಟು, ಹೆರಿಗೆ ಸಮಯದಲ್ಲಿ ಆಮ್ಲಜನಕದ ಕೊರತೆ, ಮಿದುಳಿನ ಸೋಂಕು, ಲಾಡಿಹುಳುವಿನ ಗಂಟು, ಪಾರ್ಶ್ವವಾಯು ಮುಂತಾಗಿ ಅನೇಕ ಕಾರಣಗಳಿವೆ. ವಾಹಿನಿದೋಷವು ಅವುಗಳಲ್ಲಿ ಒಂದು. ಈ ಗುಂಪಿನ ಎರಡು ಕಾಯಿಲೆಗಳನ್ನು ಇಲ್ಲಿ ಹೋಲಿಸಿ ನೋಡುವುದು ಸೂಕ್ತ.

6.1 ಡ್ರಾವೆ ಸಿಂಡ್ರೋಮ್

ಫ್ರಾನ್ಸಿನ ವೈದ್ಯೆ ಶಾರ್ಲಾಟ್ ಡ್ರಾವೆ ಅವರು 1978ರಲ್ಲಿ ವಿವರಿಸಿದ ಈ ಕಾಯಿಲೆಯು ಸುಮಾರು 15,000ದಿಂದ 40,000 ಶಿಶುಗಳಲ್ಲಿ ಒಬ್ಬರಿಗೆ ಬರುತ್ತದೆ. ಅದುವರೆಗೆ ಆರೋಗ್ಯವಾಗಿದ್ದ ಮಗುವಿಗೆ ಮೊದಲ ಹುಟ್ಟುಹಬ್ಬದ ಒಳಗಾಗಿ, ಹೆಚ್ಚಾಗಿ ಜ್ವರದೊಂದಿಗೆ, ದೀರ್ಘಕಾಲದ ಸೆಳವು ಕಾಣಿಸಿಕೊಳ್ಳುತ್ತದೆ. ಸೆಳವು ಅನೇಕ ವೇಳೆ ದೇಹದ ಒಂದೇ ಪಾರ್ಶ್ವದಲ್ಲಿರುತ್ತದೆ. ಕೆಲವು ವಾರಗಳ ನಂತರ ಮತ್ತೊಂದು ಪಾರ್ಶ್ವದಲ್ಲಿ ಬರಬಹುದು. ಎರಡನೆಯ ವರ್ಷದಿಂದ ಮಾತು, ನಡಿಗೆ ಹಾಗೂ ಕಲಿಕೆಯಲ್ಲಿ ಹಿನ್ನಡೆಯು ತೋರಿಬರುತ್ತದೆ.

ಇದಕ್ಕೆ ಸೋಡಿಯಂ ವಾಹಿನಿಯೊಂದನ್ನು ನಿರ್ಮಿಸುವ ಎಸ್‌ಸಿಎನ್1ಎ ಎಂಬ ವಂಶವಾಹಿಯ ದೋಷವು ಕಾರಣವೆಂದು 2001ರಲ್ಲಿ ತಿಳಿದುಬಂದಿತು. ಈ ಕಾಯಿಲೆಯಿರುವ ಮಕ್ಕಳಲ್ಲಿ ಶೇಕಡ 80ಕ್ಕೂ ಹೆಚ್ಚು ಮಂದಿಯಲ್ಲಿ ಈ ದೋಷವಿರುತ್ತದೆ. ಸೋಡಿಯಂ ವಾಹಿನಿಯು ದುರ್ಬಲವಾದರೆ ನರಸಂದೇಶವು ಕಡಿಮೆಯಾಗಬೇಕಲ್ಲವೇ, ಸೆಳವು ಹೇಗೆ ಬರುತ್ತದೆ ಎಂಬ ಪ್ರಶ್ನೆಯು ಸಹಜವಾಗಿಯೇ ಉದ್ಭವಿಸುತ್ತದೆ. 2006ರಲ್ಲಿ ಇಲಿಗಳ ಮೇಲೆ ನಡೆದ ಅಧ್ಯಯನವು ಇದಕ್ಕೆ ಉತ್ತರವನ್ನು ನೀಡಿತು. ಈ ವಾಹಿನಿಯನ್ನು ಹೆಚ್ಚಾಗಿ ಅವಲಂಬಿಸಿರುವುದು ನಿರೋಧಕ ಕೋಶಗಳು. ತಡೆಯಬೇಕಾದ ಕೋಶಗಳೇ ಸೋತಾಗ ಮಿದುಳು ಅಂಕೆ ತಪ್ಪುತ್ತದೆ.

ಪೋಷಕರು ಹಾಗೂ ಆರೋಗ್ಯ ಕಾರ್ಯಕರ್ತರು ಅರಿತಿರಬೇಕಾದ ಅತಿ ಮುಖ್ಯ ವಿಷಯವು ಇಲ್ಲಿದೆ. ಅಪಸ್ಮಾರಕ್ಕೆ ಸಾಮಾನ್ಯವಾಗಿ ನೀಡಲಾಗುವ ಕಾರ್ಬಮಜಪೀನ್, ಆಕ್ಸ್‌ಕಾರ್ಬಜಪೀನ್, ಫೆನಿಟಾಯಿನ್ ಹಾಗೂ ಲಾಮೊಟ್ರಿಜಿನ್ ಮಾತ್ರೆಗಳು ಸೋಡಿಯಂ ವಾಹಿನಿಗಳನ್ನು ಇನ್ನಷ್ಟು ಅಡಗಿಸುವ ಮೂಲಕ ಕೆಲಸ ಮಾಡುತ್ತವೆ. ಬಹುತೇಕ ರೋಗಿಗಳಿಗೆ ಇವು ಉತ್ತಮ ಔಷಧಗಳೇ. ಆದರೆ ಡ್ರಾವೆ ಕಾಯಿಲೆಯ ಮಗುವಿಗೆ ಪ್ರತಿದಿನ ಇವನ್ನು ನೀಡಿದಲ್ಲಿ ಮೊದಲೇ ಸೋತಿರುವ ನಿರೋಧಕ ಕೋಶಗಳು ಮತ್ತಷ್ಟು ಸೋತು ಸೆಳವು ಹೆಚ್ಚಾಗಬಹುದು. ಇಂತಹ ಮಕ್ಕಳಿಗೆ ತಜ್ಞರು ವ್ಯಾಲ್ಪ್ರೊಯೇಟ್, ಕ್ಲೊಬಜಾಮ್ ಮುಂತಾದ ಬೇರೆ ಔಷಧಗಳನ್ನು ಆಯ್ಕೆ ಮಾಡುತ್ತಾರೆ. ಮಾತ್ರೆ ಕೊಟ್ಟಷ್ಟೂ ಸೆಳವು ಹೆಚ್ಚಾಗುತ್ತಿದ್ದರೆ ಪೋಷಕರು ಅದನ್ನು ಹಣೆಬರಹವೆಂದು ಸುಮ್ಮನಿರದೆ, ಹಾಗೆಯೇ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸದೆ, ವೈದ್ಯರ ಗಮನಕ್ಕೆ ತರುವುದು ಅವಶ್ಯಕ.

6.2 ನವಜಾತ ಶಿಶುಗಳ ಕೌಟುಂಬಿಕ ಸೆಳವು

ಕೆಲವು ಕುಟುಂಬಗಳಲ್ಲಿ ಶಿಶುಗಳಿಗೆ ಹುಟ್ಟಿದ ಮೊದಲ ವಾರದಲ್ಲಿಯೇ ಸೆಳವು ಬಂದು, ಕೆಲವು ತಿಂಗಳುಗಳಲ್ಲಿ ತಾನಾಗಿಯೇ ನಿಂತುಹೋಗುತ್ತದೆ. ಇದರ ಮೂಲವು ಒಂದು ಪೊಟ್ಯಾಸಿಯಂ ವಾಹಿನಿಯ ದೋಷವೆಂದು 1998ರಲ್ಲಿ ಗೊತ್ತಾಯಿತು. ಈ ವಾಹಿನಿಯು ನರಕೋಶಕ್ಕೆ ಲಗಾಮು ಇದ್ದಂತೆ. ಲಗಾಮು ಸಡಿಲವಾದಾಗ ಕೋಶವು ಪದೇ ಪದೇ ಉದ್ರೇಕಗೊಳ್ಳುತ್ತದೆ. ಇಲ್ಲಿ ಸೋಡಿಯಂ ವಾಹಿನಿಯನ್ನು ಅಡಗಿಸುವ ಕಾರ್ಬಮಜಪೀನ್ ಅಥವಾ ಫೆನಿಟಾಯಿನ್ ಒಳ್ಳೆಯ ಫಲವನ್ನು ನೀಡುತ್ತವೆ.

ಅಂದರೆ ಡ್ರಾವೆ ಕಾಯಿಲೆಯಲ್ಲಿ ತೊಂದರೆ ಕೊಡುವ ಅದೇ ಮಾತ್ರೆಯು ಇಲ್ಲಿ ಗುಣಕಾರಿ. ಎರಡೂ ಎಳೆಯ ಶಿಶುಗಳ ಸೆಳವೇ. ನೋಡುವವರ ಕಣ್ಣಿಗೆ ವ್ಯತ್ಯಾಸವು ತಿಳಿಯದು. ವೈದ್ಯರು ಸೆಳವು ಆರಂಭವಾದ ವಯಸ್ಸು, ಜ್ವರ ಇತ್ತೇ ಇಲ್ಲವೇ, ಎಷ್ಟು ನಿಮಿಷ ಇತ್ತು, ಯಾವ ಪಾರ್ಶ್ವದಲ್ಲಿತ್ತು, ಮನೆತನದಲ್ಲಿ ಬೇರೆಯವರಿಗೆ ಇತ್ತೇ ಎಂದು ವಿಚಾರಿಸುವುದು ಈ ಕಾರಣಕ್ಕಾಗಿಯೇ. ಈ ವಿವರಗಳನ್ನು ದಿನಾಂಕ ಸಹಿತ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವುದು ಹಾಗೂ ಸಾಧ್ಯವಾದಲ್ಲಿ ಮೊಬೈಲಿನಲ್ಲಿ ಸೆಳವನ್ನು ಚಿತ್ರೀಕರಿಸಿ ತೋರಿಸುವುದು ಬಹಳ ಉಪಯುಕ್ತ.

6.3 ಜ್ವರದ ಸೆಳವಿನ ಬಗ್ಗೆ ಆತಂಕ ಬೇಡ

ಮೇಲಿನ ವಿವರಗಳನ್ನು ಓದಿ ಪೋಷಕರು ಗಾಬರಿಗೊಳ್ಳುವ ಅಗತ್ಯವಿಲ್ಲ. 6 ತಿಂಗಳಿಂದ 5 ವರ್ಷದೊಳಗಿನ ಮಕ್ಕಳಲ್ಲಿ ಶೇಕಡ 2ರಿಂದ 5ರಷ್ಟು ಮಂದಿಗೆ ಜ್ವರದ ಸೆಳವು ಬರುತ್ತದೆ. ಇವರಲ್ಲಿ ಬಹುಪಾಲು ಮಕ್ಕಳಿಗೆ ಮುಂದೆ ಅಪಸ್ಮಾರ ಬರುವುದಿಲ್ಲ, ಬುದ್ಧಿಶಕ್ತಿಗೂ ಧಕ್ಕೆಯಿಲ್ಲ. ಆದರೆ ಒಂದು ವರ್ಷದೊಳಗೆ ಸೆಳವು ಬಂದು, ಅದು ದೀರ್ಘವಾಗಿದ್ದು, ಒಂದೇ ಪಾರ್ಶ್ವದಲ್ಲಿದ್ದು, ಮತ್ತೆ ಮತ್ತೆ ಮರುಕಳಿಸಿದಲ್ಲಿ ಮಕ್ಕಳ ನರರೋಗ ತಜ್ಞರನ್ನು ಕಾಣತಕ್ಕದ್ದು.

6.4 ಬಿಸಿನೀರಿನ ಅಪಸ್ಮಾರ

ತಲೆಯ ಮೇಲೆ ಚೊಂಬಿನಿಂದ ಬಿಸಿನೀರು ಸುರಿದುಕೊಳ್ಳುವಾಗ ಬರುವ ಸೆಳವು ದಕ್ಷಿಣ ಕರ್ನಾಟಕದಲ್ಲಿ ವಿಶೇಷವಾಗಿ ಕಂಡುಬಂದಿದ್ದು, ಬೆಂಗಳೂರಿನ ವೈದ್ಯರು ಇದನ್ನು ದೀರ್ಘಕಾಲ ಅಧ್ಯಯನ ಮಾಡಿದ್ದಾರೆ. ಕೆಲವು ಕುಟುಂಬಗಳಲ್ಲಿ ಇದು ವಂಶಪಾರಂಪರ್ಯವಾಗಿ ಬರುತ್ತದೆಯಾದರೂ, ಒಂದು ನಿರ್ದಿಷ್ಟ ಅಯಾನು ವಾಹಿನಿಯ ದೋಷವೆಂದು ಸ್ಥಾಪಿತವಾಗಿಲ್ಲ. ಎಲ್ಲ ಅಪಸ್ಮಾರವೂ ವಾಹಿನಿರೋಗವಲ್ಲ ಎಂಬುದಕ್ಕೆ ಇದನ್ನು ಉದಾಹರಿಸಲಾಗಿದೆ. ಉಗುರುಬೆಚ್ಚಗಿನ ನೀರನ್ನು ಬಳಸುವುದರಿಂದ ಅನೇಕರಲ್ಲಿ ಇದನ್ನು ತಡೆಯಬಹುದು. ಕೆಲವರಿಗೆ ವೈದ್ಯರು ತಲೆಸ್ನಾನಕ್ಕೆ ಮುಂಚೆ ಮಾತ್ರ ತೆಗೆದುಕೊಳ್ಳುವಂತೆ ಕ್ಲೊಬಜಾಮ್ ಮಾತ್ರೆಯನ್ನು ಸೂಚಿಸುತ್ತಾರೆ.

7. ಇತರ ವಾಹಿನಿರೋಗಗಳು

7.1 ಆವರ್ತಕ ಲಕ್ವ

ರಾತ್ರಿ ಹೊಟ್ಟೆ ತುಂಬ ಉಂಡು ಮಲಗಿದ ಯುವಕನು ಬೆಳಿಗ್ಗೆ ಎದ್ದಾಗ ಕೈಕಾಲುಗಳನ್ನು ಎತ್ತಲಾರದೇ ಹೋಗುತ್ತಾನೆ. ಪ್ರಜ್ಞೆ, ಮಾತು ಸರಿಯಾಗಿರುತ್ತವೆ. ಕೆಲವು ಗಂಟೆಗಳಲ್ಲಿ ಅಥವಾ ಒಂದೆರಡು ದಿನಗಳಲ್ಲಿ ಬಲವು ಮರಳುತ್ತದೆ. ಇದು ಸ್ನಾಯುವಿನ ಕ್ಯಾಲ್ಸಿಯಂ ಅಥವಾ ಸೋಡಿಯಂ ವಾಹಿನಿಯ ದೋಷದಿಂದ ಬರುವ ಕಾಯಿಲೆ. ಒಂದು ಬಗೆಯಲ್ಲಿ ರಕ್ತದ ಪೊಟ್ಯಾಸಿಯಂ ಕುಸಿಯುತ್ತದೆ. ಅನ್ನ ಮತ್ತು ಸಿಹಿಯ ಭೂರಿ ಭೋಜನ, ಕಠಿಣ ದುಡಿಮೆಯ ನಂತರದ ವಿಶ್ರಾಂತಿ ಇದನ್ನು ಪ್ರೇರೇಪಿಸುತ್ತವೆ. ಪೊಟ್ಯಾಸಿಯಂ ನೀಡಿದರೆ ಗುಣವಾಗುತ್ತದೆ. ಮತ್ತೊಂದು ಬಗೆಯಲ್ಲಿ ರಕ್ತದ ಪೊಟ್ಯಾಸಿಯಂ ಏರಬಹುದು. ಉಪವಾಸ ಹಾಗೂ ಎಳನೀರು, ಬಾಳೆಹಣ್ಣಿನಂತಹ ಪೊಟ್ಯಾಸಿಯಂ ಹೆಚ್ಚಿರುವ ಆಹಾರವೇ ತೊಂದರೆಯನ್ನು ತರಬಲ್ಲವು. ಮೊದಲನೆಯವರಿಗೆ ಔಷಧವಾದುದು ಎರಡನೆಯವರಿಗೆ ವಿಷವಾಗಬಹುದು. ಆದುದರಿಂದ ರಕ್ತಪರೀಕ್ಷೆಯಿಲ್ಲದೆ ಮನೆಮದ್ದು ಮಾಡುವುದು ಅಪಾಯಕರ. ಥೈರಾಯ್ಡ್ ಗ್ರಂಥಿಯ ಅತಿಸ್ರಾವದಿಂದಲೂ ಇದೇ ತೆರನಾದ ಲಕ್ವವು ಬರುವುದರಿಂದ ಅದರ ಪರೀಕ್ಷೆಯೂ ಅಗತ್ಯವಿರುತ್ತದೆ.

7.2 ಕೌಟುಂಬಿಕ ಅರೆತಲೆನೋವು ಮತ್ತು ತೂರಾಟ

1996ರಲ್ಲಿ ಕ್ಯಾಲ್ಸಿಯಂ ವಾಹಿನಿಯ ಒಂದೇ ವಂಶವಾಹಿಯ ಬೇರೆ ಬೇರೆ ಬದಲಾವಣೆಗಳು ಎರಡು ಕಾಯಿಲೆಗಳಿಗೆ ಕಾರಣವೆಂದು ಕಂಡುಬಂದಿತು. ಮೊದಲನೆಯದರಲ್ಲಿ ಅರೆತಲೆನೋವಿನೊಡನೆ ದೇಹದ ಒಂದು ಪಾರ್ಶ್ವವು ತಾತ್ಕಾಲಿಕವಾಗಿ ಬಲಹೀನವಾಗುತ್ತದೆ. ಎರಡನೆಯದರಲ್ಲಿ ಕೆಲವು ಗಂಟೆಗಳ ಕಾಲ ನಡಿಗೆಯು ತೂರಾಡುತ್ತದೆ. ನೋಡುವವರು ಮದ್ಯಪಾನವೆಂದು ತಪ್ಪು ತಿಳಿಯುವುದುಂಟು. ಎರಡನೆಯದಕ್ಕೆ ಅಸಿಟಜೋಲಮೈಡ್ ಎಂಬ ಮಾತ್ರೆಯಿಂದ ಅನೇಕರಿಗೆ ಉಪಶಮನವಾಗುತ್ತದೆ. ಆದರೆ ಯಾರಿಗೇ ಆಗಲಿ ಹಠಾತ್ತನೆ ಒಂದು ಪಾರ್ಶ್ವವು ಬಲಹೀನವಾದಲ್ಲಿ ಅದನ್ನು ಪಾರ್ಶ್ವವಾಯು ಎಂದೇ ಪರಿಗಣಿಸಿ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

7.3 ಪ್ರತಿಕಾಯಗಳಿಂದ ಬರುವ ಕಾಯಿಲೆಗಳು

ಮಯಸ್ತೇನಿಯಾ ಗ್ರೇವಿಸ್ ಎಂಬ ಕಾಯಿಲೆಯಲ್ಲಿ ಪ್ರತಿಕಾಯಗಳು ಸ್ನಾಯುವಿನ ಅಸಿಟೈಲ್‌ಕೋಲಿನ್ ವಾಹಿನಿಗಳನ್ನು ನಾಶಪಡಿಸುತ್ತವೆ. ಬೆಳಿಗ್ಗೆ ಸರಿಯಾಗಿದ್ದವರಿಗೆ ಸಂಜೆಯ ಹೊತ್ತಿಗೆ ರೆಪ್ಪೆ ಜೋತುಬೀಳುವುದು, ಎರಡೆರಡು ಕಾಣುವುದು, ಊಟ ಮಾಡುತ್ತಾ ದವಡೆ ಸೋಲುವುದು ಇದರ ಲಕ್ಷಣ. ಇದಕ್ಕೆ ಉತ್ತಮ ಚಿಕಿತ್ಸೆ ಇದೆ. ಕೆಲವು ಪ್ರತಿಜೀವಕ ಔಷಧಗಳು ಈ ನಿಶ್ಶಕ್ತಿಯನ್ನು ಹೆಚ್ಚಿಸುವುದರಿಂದ, ಬೇರೆ ಯಾವುದೇ ಕಾಯಿಲೆಗೆ ವೈದ್ಯರನ್ನು ಕಂಡಾಗಲೂ ತಮಗೆ ಈ ಕಾಯಿಲೆಯಿರುವುದನ್ನು ರೋಗಿಗಳು ತಿಳಿಸತಕ್ಕದ್ದು.

2007ರಲ್ಲಿ ವಿವರಿಸಲಾದ ಮತ್ತೊಂದು ಕಾಯಿಲೆಯಲ್ಲಿ ಪ್ರತಿಕಾಯಗಳು ಮಿದುಳಿನ ಎನ್‌ಎಂಡಿಎ ಗ್ರಾಹಕವೆಂಬ ವಾಹಿನಿಯ ಮೇಲೆ ಎರಗುತ್ತವೆ. ಹೆಚ್ಚಾಗಿ ಯುವತಿಯರು ಹಾಗೂ ಮಕ್ಕಳಲ್ಲಿ ಕೆಲವೇ ವಾರಗಳಲ್ಲಿ ನಡವಳಿಕೆಯು ಬದಲಾಗಿ, ಇಲ್ಲದ್ದನ್ನು ಕಾಣುವುದು, ಮಾತು ನಿಲ್ಲುವುದು, ಬಾಯಿ ಹಾಗೂ ಕೈಗಳ ವಿಚಿತ್ರ ಚಲನೆ ಮತ್ತು ಸೆಳವು ಕಾಣಿಸಿಕೊಳ್ಳುತ್ತವೆ. ಗಾಳಿ ಸೋಕಿದೆ, ದೆವ್ವ ಮೆಟ್ಟಿದೆ ಎಂದು ಭಾವಿಸಿ ಕಳೆಯುವ ಪ್ರತಿಯೊಂದು ದಿನವೂ ಇಲ್ಲಿ ನಷ್ಟವೇ. ಬೇಗನೆ ಪತ್ತೆಯಾದಲ್ಲಿ ಬಹುಪಾಲು ರೋಗಿಗಳು ಚೇತರಿಸಿಕೊಳ್ಳುತ್ತಾರೆ.

8. ವಾಹಿನಿಗಳ ಮೇಲೆ ಕೆಲಸ ಮಾಡುವ ಔಷಧಗಳು

ಹಲ್ಲು ಕೀಳುವ ಮುನ್ನ ದಂತವೈದ್ಯರು ನೀಡುವ ಲಿಗ್ನೊಕೇನ್ ಚುಚ್ಚುಮದ್ದು ಆ ಭಾಗದ ನರಗಳ ಸೋಡಿಯಂ ವಾಹಿನಿಗಳನ್ನು ಸ್ವಲ್ಪ ಹೊತ್ತು ಮುಚ್ಚಿಡುವುದರಿಂದಲೇ ನೋವು ತಿಳಿಯುವುದಿಲ್ಲ. ಫೆನಿಟಾಯಿನ್ 1938ರಿಂದ ಬಳಕೆಯಲ್ಲಿದ್ದರೂ, ಅದು ಸೋಡಿಯಂ ವಾಹಿನಿಯ ಮೇಲೆ ಕೆಲಸ ಮಾಡುತ್ತದೆಂಬುದು ದಶಕಗಳ ನಂತರ ತಿಳಿಯಿತು. ಇಂದು ಇದಕ್ಕೆ ವ್ಯತಿರಿಕ್ತವಾಗಿ, ಮೊದಲು ವಾಹಿನಿಯನ್ನು ಗುರುತಿಸಿ ನಂತರ ಅದಕ್ಕೆ ತಕ್ಕ ಔಷಧವನ್ನು ಹುಡುಕಲಾಗುತ್ತಿದೆ. ನೋವಿನ ನರಗಳಲ್ಲಿರುವ ಒಂದು ಬಗೆಯ ಸೋಡಿಯಂ ವಾಹಿನಿಯನ್ನು ಮಾತ್ರ ತಡೆಯುವ ಸುಜೆಟ್ರಿಜಿನ್ ಎಂಬ ನೋವುನಿವಾರಕಕ್ಕೆ ಅಮೆರಿಕದಲ್ಲಿ 2025ರ ಜನವರಿಯಲ್ಲಿ ಅನುಮತಿ ದೊರೆತಿರುವುದು ಇದಕ್ಕೆ ಒಂದು ಉದಾಹರಣೆ.

9. ತಪ್ಪು ಕಲ್ಪನೆಗಳು ಮತ್ತು ವಾಸ್ತವಾಂಶಗಳು

(1) ತಪ್ಪು ಕಲ್ಪನೆ: ಮಗುವಿನ ಕಾಯಿಲೆಗೆ ತಾಯಿಯೇ ಕಾರಣ.
ವಾಸ್ತವಾಂಶ: ಡ್ರಾವೆ ಕಾಯಿಲೆಯ ಬಹುತೇಕ ಮಕ್ಕಳಲ್ಲಿ ವಂಶವಾಹಿಯ ಬದಲಾವಣೆಯು ಹೊಸದಾಗಿ ಆಗಿರುತ್ತದೆ, ತಾಯಿಯಲ್ಲಿಯೂ ತಂದೆಯಲ್ಲಿಯೂ ಅದು ಇರುವುದಿಲ್ಲ. ಗರ್ಭಿಣಿಯಾಗಿದ್ದಾಗಿನ ಆಹಾರ, ಗ್ರಹಣ, ಹೆದರಿಕೆ ಯಾವುದೂ ಇದಕ್ಕೆ ಕಾರಣವಲ್ಲ.

(2) ತಪ್ಪು ಕಲ್ಪನೆ: ಲಸಿಕೆ ಹಾಕಿಸಿದ್ದರಿಂದ ಮಗುವಿನ ಮಿದುಳು ಕೆಟ್ಟಿತು.
ವಾಸ್ತವಾಂಶ: ನಾಯಿಕೆಮ್ಮಿನ ಲಸಿಕೆಯಿಂದ ಮಿದುಳಿಗೆ ಹಾನಿಯಾಗಿದೆ ಎಂದು ಹೇಳಲಾಗಿದ್ದ 14 ಮಂದಿಯನ್ನು ಆಸ್ಟ್ರೇಲಿಯಾದ ತಜ್ಞರ ನೇತೃತ್ವದ ತಂಡವು ಪರೀಕ್ಷಿಸಿ 2006ರಲ್ಲಿ ವರದಿ ಪ್ರಕಟಿಸಿತು. ಅವರಲ್ಲಿ 11 ಮಂದಿಯಲ್ಲಿ ಎಸ್‌ಸಿಎನ್1ಎ ವಂಶವಾಹಿಯ ದೋಷವು ಮೊದಲಿನಿಂದಲೇ ಇದ್ದಿತು. ಲಸಿಕೆಯ ನಂತರ ಬರುವ ಜ್ವರವು ಇಂತಹ ಮಗುವಿನಲ್ಲಿ ಸೆಳವನ್ನು ಹೊರತರಬಹುದೇ ವಿನಾ ಕಾಯಿಲೆಯನ್ನು ಸೃಷ್ಟಿಸುವುದಿಲ್ಲ. ಲಸಿಕೆ ತಪ್ಪಿಸಿದಲ್ಲಿ ದಡಾರ, ನಾಯಿಕೆಮ್ಮುಗಳಿಂದ ಇನ್ನೂ ಹೆಚ್ಚಿನ ಅಪಾಯವಿದೆ.

(3) ತಪ್ಪು ಕಲ್ಪನೆ: ಪಕ್ಕದ ಮನೆಯವರಿಗೆ ಗುಣವಾದ ಮಾತ್ರೆಯು ನಮಗೂ ಆಗುತ್ತದೆ.
ವಾಸ್ತವಾಂಶ: ಕಂಡಿಕೆ 6 ಮತ್ತು 7ರಲ್ಲಿ ವಿವರಿಸಿರುವಂತೆ ಅದೇ ಮಾತ್ರೆಯು ತದ್ವಿರುದ್ಧ ಪರಿಣಾಮವನ್ನು ನೀಡಬಹುದು.

(4) ತಪ್ಪು ಕಲ್ಪನೆ: ಅಪಸ್ಮಾರ ಇರುವವರು ವಿವಾಹವಾಗಲು ಕಾನೂನು ಒಪ್ಪುವುದಿಲ್ಲ.
ವಾಸ್ತವಾಂಶ: ಹಿಂದೂ ವಿವಾಹ ಕಾಯಿದೆ 1955 ಹಾಗೂ ವಿಶೇಷ ವಿವಾಹ ಕಾಯಿದೆ 1954ರಲ್ಲಿದ್ದ ಅಪಸ್ಮಾರ ಎಂಬ ಪದವನ್ನು 1999ರ ತಿದ್ದುಪಡಿಯ ಮೂಲಕ ಕೈಬಿಡಲಾಗಿದೆ.

10. ಸೆಳವು ಬಂದಾಗ ಅನುಸರಿಸಬೇಕಾದ ಕ್ರಮಗಳು

ಮಾಡಬೇಕಾದವು:
(1) ವ್ಯಕ್ತಿಯನ್ನು ಒಂದು ಪಕ್ಕಕ್ಕೆ ಮಲಗಿಸಿ, ತಲೆಯ ಕೆಳಗೆ ಮೆತ್ತನೆಯ ವಸ್ತುವನ್ನು ಇಡುವುದು.
(2) ಕತ್ತಿನ ಸುತ್ತಲಿನ ಬಟ್ಟೆಯನ್ನು ಸಡಿಲಿಸಿ, ಬೆಂಕಿ, ನೀರು ಹಾಗೂ ಚೂಪಾದ ವಸ್ತುಗಳಿಂದ ದೂರವಿರಿಸುವುದು.
(3) ಗಡಿಯಾರ ನೋಡಿ ಸಮಯವನ್ನು ಗುರುತಿಸಿಕೊಳ್ಳುವುದು.
(4) ಸೆಳವು 5 ನಿಮಿಷಕ್ಕಿಂತ ಹೆಚ್ಚು ಮುಂದುವರಿದಲ್ಲಿ, ಪ್ರಜ್ಞೆ ಬರುವ ಮುನ್ನ ಮತ್ತೆ ಬಂದಲ್ಲಿ, ಗರ್ಭಿಣಿಗೆ ಬಂದಲ್ಲಿ ಅಥವಾ ಮೊದಲ ಬಾರಿ ಬಂದಲ್ಲಿ 108ಕ್ಕೆ ಕರೆ ಮಾಡುವುದು.
(5) ವೈದ್ಯರು ಮೂಗಿಗೆ ಸಿಂಪಡಿಸುವ ಔಷಧವನ್ನು ಮೊದಲೇ ನೀಡಿದ್ದಲ್ಲಿ ಅವರು ತಿಳಿಸಿದಂತೆ ಬಳಸುವುದು.

ಮಾಡಬಾರದವು:
(1) ಕೈಗೆ ಕಬ್ಬಿಣ ಅಥವಾ ಬೀಗದ ಕೈ ಕೊಡುವುದು, ಚಪ್ಪಲಿ ಅಥವಾ ಈರುಳ್ಳಿ ಮೂಸಿಸುವುದು.
(2) ಹಲ್ಲುಗಳ ನಡುವೆ ಚಮಚ, ಬಟ್ಟೆ ಅಥವಾ ಬೆರಳನ್ನು ಇಡುವುದು.
(3) ಕೈಕಾಲುಗಳನ್ನು ಬಲವಂತವಾಗಿ ಅದುಮಿ ಹಿಡಿಯುವುದು.
(4) ಪೂರ್ಣ ಎಚ್ಚರವಾಗುವ ಮೊದಲು ನೀರು ಕುಡಿಸುವುದು.

11. ಚಿಕಿತ್ಸೆ ಮತ್ತು ಮಾರ್ಗದರ್ಶನ

ಸಾರ್ವಜನಿಕರು ಮೊದಲಿಗೆ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆಯ ವೈದ್ಯಾಧಿಕಾರಿಗಳನ್ನು ಸಂಪರ್ಕಿಸಿ, ಅಗತ್ಯವಿದ್ದಲ್ಲಿ ಅವರ ಶಿಫಾರಸ್ಸಿನೊಂದಿಗೆ ಜಿಲ್ಲಾ ಆಸ್ಪತ್ರೆಗೆ ತೆರಳಬಹುದು. ನಿಮ್ಹಾನ್ಸ್ ಸಹಯೋಗದೊಂದಿಗೆ 2022ರಲ್ಲಿ ಆರಂಭವಾದ ಕರ್ನಾಟಕ ಮಿದುಳು ಆರೋಗ್ಯ ಉಪಕ್ರಮದಡಿ ಅಪಸ್ಮಾರ, ತಲೆನೋವು ಹಾಗೂ ಪಾರ್ಶ್ವವಾಯುವಿನ ಪತ್ತೆ ಮತ್ತು ಚಿಕಿತ್ಸೆಯನ್ನು ಜಿಲ್ಲಾ ಮಟ್ಟಕ್ಕೆ ತರಲಾಗಿದೆ. ವಂಶವಾಹಿ ಪರೀಕ್ಷೆಯನ್ನು ರಕ್ತದ ಮಾದರಿಯಿಂದ ನಡೆಸಲಾಗುತ್ತದೆ. ಇದು ಎಲ್ಲ ರೋಗಿಗಳಿಗೂ ಬೇಕಾಗಿರುವುದಿಲ್ಲ. ತಜ್ಞರು ಸೂಚಿಸಿದಾಗ ಮಾತ್ರ ಮಾಡಿಸತಕ್ಕದ್ದು. ಫಲಿತಾಂಶವನ್ನು ಅರ್ಥೈಸಿಕೊಳ್ಳಲು ಹಾಗೂ ಮುಂದಿನ ಮಗುವಿನ ಬಗ್ಗೆ ತಿಳಿಯಲು ಆನುವಂಶಿಕ ಸಮಾಲೋಚನೆಯು ಸಹಕಾರಿಯಾಗುತ್ತದೆ. ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರದಲ್ಲಿ ಇಂತಹ ಸಮಾಲೋಚನೆಯು ಲಭ್ಯವಿರುತ್ತದೆ.

ಮಗುವನ್ನು ಹೆರುವ ವಯಸ್ಸಿನ ಮಹಿಳೆಯರು ವ್ಯಾಲ್ಪ್ರೊಯೇಟ್ ಸೇವಿಸುತ್ತಿದ್ದಲ್ಲಿ, ಅದು ಗರ್ಭದಲ್ಲಿರುವ ಶಿಶುವಿಗೆ ತೊಂದರೆ ನೀಡಬಹುದಾದುದರಿಂದ, ಗರ್ಭಧಾರಣೆಗೆ ಮುನ್ನವೇ ವೈದ್ಯರೊಡನೆ ಚರ್ಚಿಸಬೇಕು. ಆದರೆ ಯಾವುದೇ ಮಾತ್ರೆಯನ್ನು ತಾವಾಗಿಯೇ ಹಠಾತ್ತನೆ ನಿಲ್ಲಿಸಬಾರದು. ಹಾಗೆ ನಿಲ್ಲಿಸುವುದರಿಂದ ಎಡೆಬಿಡದ ಸೆಳವು ಬಂದು ಪ್ರಾಣಕ್ಕೇ ಅಪಾಯವಾಗಬಹುದು.

12. ಉಪಸಂಹಾರ

ಸೆಳವು ಶಾಪವಲ್ಲ, ಲಕ್ವವು ಮಾಟವಲ್ಲ. ಇವು ಕೋಶದ ಪೊರೆಯಲ್ಲಿರುವ ಒಂದು ದ್ವಾರದ ದೋಷದಿಂದಲೂ ಬರಬಹುದಾದ ಕಾಯಿಲೆಗಳು. ಯಾವ ತೂಬು ಕೆಟ್ಟಿದೆ ಎಂದು ತಿಳಿಯದೆ ಎಲ್ಲ ತೂಬುಗಳನ್ನೂ ಮುಚ್ಚುವುದು ಕೆರೆಗೂ ಹಿತವಲ್ಲ, ಗದ್ದೆಗೂ ಹಿತವಲ್ಲ. ಅದರಂತೆ ಕಾಯಿಲೆಯ ಬಗೆಯನ್ನು ಅರಿತು ಔಷಧವನ್ನು ಆರಿಸುವುದೇ ಸರಿಯಾದ ಮಾರ್ಗ. ಆದುದರಿಂದ ಸಾರ್ವಜನಿಕರು ಸೆಳವಿನ ವಿವರಗಳನ್ನು ಬರೆದಿಟ್ಟುಕೊಳ್ಳುವಂತೆ, ವೈದ್ಯರ ಸಲಹೆಯಿಲ್ಲದೆ ಮಾತ್ರೆಯನ್ನು ಬದಲಿಸದಿರುವಂತೆ ಹಾಗೂ ಮಾತ್ರೆಯ ನಂತರ ಕಾಯಿಲೆಯು ಹೆಚ್ಚಾದಲ್ಲಿ ಕೂಡಲೇ ವೈದ್ಯರಿಗೆ ತಿಳಿಸುವಂತೆ ಈ ಮೂಲಕ ಕೋರಲಾಗಿದೆ.

ಸೂಚನೆ: ಈ ಪುಟದಲ್ಲಿ ನೀಡಲಾಗಿರುವ ಮಾಹಿತಿಯು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ. ಇದು ವೈದ್ಯರ ಸಲಹೆಗೆ ಪರ್ಯಾಯವಾಗಿರುವುದಿಲ್ಲ. ಇಲ್ಲಿ ಹೆಸರಿಸಲಾಗಿರುವ ಔಷಧಗಳನ್ನು ಈಗಾಗಲೇ ಸೇವಿಸುತ್ತಿರುವವರು ಈ ಲೇಖನವನ್ನು ಆಧರಿಸಿ ಅವುಗಳನ್ನು ನಿಲ್ಲಿಸತಕ್ಕದ್ದಲ್ಲ.